ಕಿರಣಕ್ಕೆ ದಾರಿ ತೋರಿಸುವ ಸ್ಕ್ಯಾನ್: ರೇಡಿಯೇಷನ್ ಚಿಕಿತ್ಸೆ ಗುರಿ ಮುಟ್ಟುವುದು ಹೀಗೆ

ರೇಡಿಯೇಷನ್ ಕೊಡಬೇಕು ಅಂತ ಡಾಕ್ಟರ್ ಹೇಳಿದ ಮೇಲೆ ಬಹಳ ಜನ ಕೇಳುವ ಪ್ರಶ್ನೆ ಒಂದೇ: ಸ್ಕ್ಯಾನ್ ಆಗಿದೆ, ಬಯಾಪ್ಸಿ ಆಗಿದೆ, ಮತ್ತೆ ಇನ್ನೊಂದು ಸ್ಕ್ಯಾನ್ ಯಾಕೆ? ಕಾರಣ ಇದೆ. ಕಿರಣ ಕಣ್ಣಿಗೆ ಕಾಣುವುದಿಲ್ಲ, ಒಳಗಿನ ಗಡ್ಡೆಯೂ ಕಾಣುವುದಿಲ್ಲ. ಇವೆರಡನ್ನೂ ಮಿಲಿಮೀಟರ್ ಲೆಕ್ಕದಲ್ಲಿ ಒಂದೇ ಜಾಗಕ್ಕೆ ತರುವುದು ಸ್ಕ್ಯಾನ್ ಚಿತ್ರಗಳೇ. ಈ ಕೆಲಸದಲ್ಲಿ ರೋಗಿಯ ಪಾಲೂ ದೊಡ್ಡದು. ಅದನ್ನು ಮೊದಲೇ ತಿಳಿದುಕೊಂಡರೆ ಅರ್ಧ ಭಯ ಕಡಿಮೆಯಾಗುತ್ತದೆ.

ಮೊದಲ ಹಂತ: ಮಲಗುವ ಭಂಗಿ ಗಟ್ಟಿ ಮಾಡುವುದು

ಇದನ್ನು ಸಿಮ್ಯುಲೇಷನ್ ಅನ್ನುತ್ತಾರೆ. ಇದು ಚಿಕಿತ್ಸೆ ಅಲ್ಲ, ತಯಾರಿ. ರೋಗ ಪತ್ತೆಗೆ ಮಾಡುವ ಸಿಟಿ ಸ್ಕ್ಯಾನ್‌ನಲ್ಲಿ ಮಂಚ ಸಾಮಾನ್ಯವಾಗಿ ನಡುವೆ ತಗ್ಗಾಗಿರುತ್ತದೆ. ಚಿಕಿತ್ಸೆ ಯಂತ್ರದ ಮಂಚ ಸಪಾಟು. ಮಲಗುವ ರೀತಿ ಬದಲಾದರೆ ಒಳಗಿನ ಅಂಗಗಳ ಜಾಗವೂ ಬದಲಾಗುತ್ತದೆ. ಅದಕ್ಕೇ ಸಪಾಟು ಮಂಚದ ಮೇಲೆ, ಮುಂದೆ ದಿನಾ ಹೇಗೆ ಮಲಗಬೇಕೋ ಹಾಗೇ ಮಲಗಿಸಿ ಹೊಸದಾಗಿ ಸಿಟಿ ತೆಗೆಯುತ್ತಾರೆ.

ತಲೆ, ಕುತ್ತಿಗೆಯ ಕ್ಯಾನ್ಸರ್ ಇದ್ದರೆ ಮುಖಕ್ಕೆ ಮಾಸ್ಕ್ ಮಾಡುತ್ತಾರೆ. ತೂತುಗಳಿರುವ ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ನೀರಿನಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಎಳೆದು ಕೂರಿಸುತ್ತಾರೆ. ಬೆಚ್ಚಗೆ, ಒದ್ದೆಯಾಗಿ ತಾಗುತ್ತದೆ. ಕೆಲವೇ ನಿಮಿಷದಲ್ಲಿ ತಣ್ಣಗಾಗಿ ಗಟ್ಟಿಯಾಗುತ್ತದೆ. ಉಸಿರಾಟಕ್ಕೆ ತೊಂದರೆ ಇಲ್ಲ, ಆದರೆ ಬಿಗಿ ಅನ್ನಿಸುವುದು ನಿಜ. ಮುಚ್ಚಿದ ಜಾಗ ಕಂಡರೆ ಗಾಬರಿಯಾಗುವವರು ಅವತ್ತೇ ಹೇಳಿಬಿಡಿ. ಕಣ್ಣಿನ ಭಾಗ ತೆರೆದಿರುವ ಮಾಸ್ಕ್ ಆದೀತಾ ಎಂದು ನೋಡುತ್ತಾರೆ. ದಪ್ಪ ಗಡ್ಡ ಬಿಟ್ಟವರು ಮಾಸ್ಕ್ ಮಾಡುವ ಮೊದಲೇ ತೆಗೆಸುವುದು ಒಳ್ಳೆಯದು. ಆಮೇಲೆ ತೆಗೆದರೆ ಮಾಸ್ಕ್ ಸಡಿಲ.

ದೇಹದ ಬೇರೆ ಭಾಗವಾದರೆ ಚರ್ಮದ ಮೇಲೆ ಗುಂಡುಸೂಜಿ ತಲೆಯಷ್ಟು ಸಣ್ಣ ಹಚ್ಚೆ ಚುಕ್ಕೆ ಹಾಕುತ್ತಾರೆ, ಇಲ್ಲವೇ ಶಾಯಿಯಲ್ಲಿ ಗುರುತು ಮಾಡುತ್ತಾರೆ. ಗೋಡೆಯಿಂದ ಬರುವ ಲೇಸರ್ ಗೆರೆಗಳು ದಿನಾ ಈ ಗುರುತಿಗೆ ಕೂರಬೇಕು. ಶಾಯಿ ಗುರುತನ್ನು ತಿಕ್ಕಿ ತೊಳೆಯಬೇಡಿ.

ಎರಡನೇ ಹಂತ: ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುವುದು

ಸಿಟಿ ತೋರಿಸುವುದು ಆಕಾರ ಮಾತ್ರ ಅಲ್ಲ. ಮೂಳೆ, ಮಾಂಸ, ಗಾಳಿ ಎಲ್ಲೆಲ್ಲಿ ಎಷ್ಟು ಸಾಂದ್ರವಾಗಿವೆ ಅನ್ನುವುದೂ ಅದರಲ್ಲಿ ಇರುತ್ತದೆ. ಕಿರಣ ಎಲ್ಲಿ ಎಷ್ಟು ಹೀರಿಕೆಯಾಗುತ್ತದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುವುದು ಇದರಿಂದಲೇ. ಮಿದುಳು, ಪ್ರಾಸ್ಟೇಟ್‌ನಂಥ (ಗಂಡಸರ ಮೂತ್ರಚೀಲದ ಕೆಳಗಿರುವ ಗ್ರಂಥಿ) ಮೆತ್ತನೆಯ ಭಾಗಗಳಲ್ಲಿ ಗಡ್ಡೆಯ ಅಂಚು ಎಂಆರ್‌ಐನಲ್ಲಿ ಜಾಸ್ತಿ ಸ್ಪಷ್ಟ. ಪೆಟ್ ಸ್ಕ್ಯಾನ್ ಆದರೆ ಕ್ಯಾನ್ಸರ್ ಕೋಶಗಳಂತೆ ಸಕ್ಕರೆಯನ್ನು ಹೆಚ್ಚು ಹೀರುವ ಜಾಗವನ್ನು ತೋರಿಸುತ್ತದೆ. ಅದಕ್ಕೆ 4ರಿಂದ 6 ಗಂಟೆ ಉಪವಾಸ, ಸಕ್ಕರೆಯಂಥ ಔಷಧದ ಇಂಜೆಕ್ಷನ್ ಆದ ಮೇಲೆ ಸುಮಾರು ಒಂದು ಗಂಟೆ ವಿಶ್ರಾಂತಿ ಬೇಕು. ಶುಗರ್ ಕಾಯಿಲೆ ಇರುವವರು ಮೊದಲೇ ತಿಳಿಸಬೇಕು. ಈ ಚಿತ್ರಗಳನ್ನು ಕಂಪ್ಯೂಟರ್‌ನಲ್ಲಿ ಸಿಟಿಯ ಮೇಲೆ ಕೂರಿಸಿ ನೋಡುತ್ತಾರೆ.

ಉಸಿರಾಡುವಾಗ ಶ್ವಾಸಕೋಶದ ಗಡ್ಡೆ ಮೇಲೆ ಕೆಳಗೆ ಓಡಾಡುತ್ತದೆ, ಕೆಲವರಲ್ಲಿ ಒಂದು ಸೆಂಟಿಮೀಟರ್‌ಗೂ ಜಾಸ್ತಿ. ಆ ಓಡಾಟವನ್ನು ಹಿಡಿಯಲು, ಉಸಿರಾಟದ ಒಂದೊಂದು ಹಂತದ ಚಿತ್ರ ಕೊಡುವ 4ಡಿ ಸಿಟಿ ಇದೆ. ಎಡ ಸ್ತನದ ಚಿಕಿತ್ಸೆಯಲ್ಲಿ ಉಸಿರನ್ನು ಆಳವಾಗಿ ಎಳೆದು ಹಿಡಿಯಲು ಹೇಳುವುದುಂಟು. ಆಗ ಹೃದಯ ಎದೆಗೂಡಿನಿಂದ ದೂರ ಸರಿಯುತ್ತದೆ, ಅದಕ್ಕೆ ತಾಗುವ ಕಿರಣ ಕಡಿಮೆಯಾಗುತ್ತದೆ. ಇದನ್ನು ಮನೆಯಲ್ಲೇ ಅಭ್ಯಾಸ ಮಾಡಿಕೊಳ್ಳಬಹುದು.

ಮೂರನೇ ಹಂತ: ಗೆರೆ ಎಳೆಯುವುದು

ಡಾಕ್ಟರ್ ಸಿಟಿಯ ಒಂದೊಂದು ಪದರದಲ್ಲೂ ಗಡ್ಡೆಯ ಸುತ್ತ ಗೆರೆ ಎಳೆಯುತ್ತಾರೆ. ಕಾಣುವ ಗಡ್ಡೆಗೆ ಒಂದು ಗೆರೆ. ಕಣ್ಣಿಗೆ ಕಾಣದ ಕ್ಯಾನ್ಸರ್ ಕೋಶಗಳು ಹರಡಿರಬಹುದಾದ ಜಾಗ ಸೇರಿಸಿ ಇನ್ನೊಂದು. ದೇಹದ ಅಲುಗಾಟ, ಮಲಗುವುದರಲ್ಲಿ ಬರುವ ಸಣ್ಣ ವ್ಯತ್ಯಾಸ ಇವನ್ನೆಲ್ಲ ಲೆಕ್ಕ ಹಿಡಿದು ಕೊನೆಯ ಗೆರೆ.

ಈ ಕೊನೆಯ ಗೆರೆ ಎಷ್ಟು ಮುಖ್ಯ ನೋಡಿ. 4 ಸೆಂಟಿಮೀಟರ್ ಅಗಲದ ದುಂಡನೆಯ ಗುರಿಯ ಗಾತ್ರ ಸುಮಾರು 34 ಮಿಲಿಲೀಟರ್. ಸುತ್ತ 1 ಸೆಂಟಿಮೀಟರ್ ಸೇರಿಸಿದರೆ ಕಿರಣ ತಾಗುವ ಗಾತ್ರ 113 ಮಿಲಿಲೀಟರ್ ಆಗುತ್ತದೆ. 5 ಮಿಲಿಮೀಟರ್ ಸಾಕು ಅಂತಾದರೆ ಬರೀ 65. ಉಳಿದ 48 ಮಿಲಿಲೀಟರ್ ಆರೋಗ್ಯವಾಗಿರುವ ಭಾಗ ಉಳಿದುಕೊಂಡಿತು ಅಲ್ವಾ? ದಿನಾ ಚಿತ್ರ ತೆಗೆದು ಜಾಗ ಖಾತ್ರಿ ಮಾಡಿಕೊಂಡರೆ ಮಾತ್ರ ಈ ಗೆರೆಯನ್ನು ಧೈರ್ಯವಾಗಿ ಒಳಕ್ಕೆ ತರಬಹುದು.

ನಾಲ್ಕನೇ ಹಂತ: ದಿನದ ಚಿತ್ರ, ಆಮೇಲೆ ಕಿರಣ

ಮಂಚದ ಮೇಲೆ ಮಲಗಿಸಿ, ಲೇಸರ್‌ಗೆ ಹೊಂದಿಸಿ ಎಲ್ಲರೂ ಹೊರಗೆ ಹೋಗುತ್ತಾರೆ. ಕ್ಯಾಮೆರಾದಲ್ಲಿ ನಿಮ್ಮನ್ನು ನೋಡುತ್ತಲೇ ಇರುತ್ತಾರೆ, ಮಾತಾಡಿದರೆ ಕೇಳಿಸುತ್ತದೆ. ಯಂತ್ರ ನಿಮ್ಮ ಸುತ್ತ ನಿಧಾನವಾಗಿ ತಿರುಗಿ, ಹೆಚ್ಚುಕಡಿಮೆ ಒಂದು ನಿಮಿಷದಲ್ಲಿ ಕೋನ್ ಬೀಮ್ ಸಿಟಿ ತೆಗೆಯುತ್ತದೆ. ಹೊರಗೆ ಪರದೆಯ ಮೇಲೆ ಅದನ್ನು ಸಿಮ್ಯುಲೇಷನ್ ದಿನದ ಸಿಟಿಯ ಮೇಲೆ ಕೂರಿಸಿ ನೋಡುತ್ತಾರೆ. 3 ಮಿಲಿಮೀಟರ್ ಎಡಕ್ಕೆ ಇದ್ದೀರಿ ಅಂದುಕೊಳ್ಳಿ, ಮಂಚವೇ ಅಷ್ಟು ಸರಿಯುತ್ತದೆ. ನೀವು ಅಲುಗಾಡಬಾರದು, ಸಹಾಯ ಮಾಡೋಣ ಅಂತ ಸುಮ್ನೆ ಸರಿದುಕೊಳ್ಳುವುದೂ ಬೇಡ. ಈ ಚಿತ್ರದ ರೇಡಿಯೇಷನ್, ಆ ದಿನದ ಚಿಕಿತ್ಸೆಯ ಡೋಸ್‌ಗೆ ಹೋಲಿಸಿದರೆ ತೀರಾ ಸಣ್ಣ ಪಾಲು.

ಪ್ರಾಸ್ಟೇಟ್, ಗರ್ಭಕಂಠದ ಚಿಕಿತ್ಸೆಯಲ್ಲಿ ಮೂತ್ರಚೀಲದ ವಿಷಯ ಬರುತ್ತದೆ. ಅದು ತುಂಬಿದ್ದರೆ ಸಣ್ಣ ಕರುಳು ಮೇಲಕ್ಕೆ ಸರಿದು ಕಿರಣದ ದಾರಿಯಿಂದ ದೂರವಾಗುತ್ತದೆ. ಹಿಂದೆ ಮಲದ ಕರುಳಿನಲ್ಲಿ ಗಾಳಿ ತುಂಬಿದ್ದರೆ ಪ್ರಾಸ್ಟೇಟ್ ಮುಂದಕ್ಕೆ ತಳ್ಳಿಕೊಳ್ಳುತ್ತದೆ. ಹಾಗಾಗಿ ನೀರು ಎಷ್ಟು, ಎಷ್ಟು ಹೊತ್ತಿಗೆ ಮೊದಲು ಅಂತ ಹೇಳಿದ್ದನ್ನು ಪ್ರತಿದಿನ ಹಾಗೆಯೇ ಮಾಡಿ. ಒಂದೊಂದು ದಿನ ಚಿತ್ರ ನೋಡಿ ಮಂಚದಿಂದ ಇಳಿಸಿ, ಶೌಚಕ್ಕೆ ಹೋಗಿ ಬನ್ನಿ ಅಂತಲೋ, ಇನ್ನಷ್ಟು ನೀರು ಕುಡಿದು ಕಾಯಿರಿ ಅಂತಲೋ ಹೇಳುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ. ತಪ್ಪು ಜಾಗಕ್ಕೆ ಬೀಳಬಹುದಾಗಿದ್ದ ಕಿರಣವನ್ನು ಆ ಚಿತ್ರ ತಡೆದಿದೆ.

ಸಾಮಾನ್ಯ ಚಿಕಿತ್ಸೆಯಲ್ಲಿ ದಿನಕ್ಕೆ ಸುಮಾರು 2 ಗ್ರೇ (ಕಿರಣದ ಡೋಸ್ ಅಳೆಯುವ ಮಾನ) ಹಾಗೆ ಹಲವು ವಾರ ಕೊಡುತ್ತಾರೆ. ಎಸ್‌ಬಿಆರ್‌ಟಿ ಎಂಬ ವಿಧಾನದಲ್ಲಿ ಹೆಚ್ಚಿನ ಡೋಸನ್ನು ಸಾಮಾನ್ಯವಾಗಿ 5 ಅಥವಾ ಇನ್ನೂ ಕಡಿಮೆ ಸಲದಲ್ಲಿ ಮುಗಿಸುತ್ತಾರೆ. ಅಲ್ಲಿ ಚಿತ್ರ ಇಲ್ಲದೆ ಒಂದು ಹೆಜ್ಜೆಯೂ ಇಡುವಂತಿಲ್ಲ. ಎಂಆರ್‌ಐ ಮತ್ತು ರೇಡಿಯೇಷನ್ ಯಂತ್ರ ಎರಡೂ ಒಂದರಲ್ಲೇ ಇರುವ ಎಂಆರ್ ಲೀನಾಕ್‌ಗಳೂ ಈಗ ಬಂದಿವೆ. ಕಿರಣ ಹೋಗುತ್ತಿರುವಾಗಲೇ ಗಡ್ಡೆಯನ್ನು ನೋಡುತ್ತಿರಬಹುದು.

ನಡುವೆ ದೇಹ ಬದಲಾದರೆ

ಕೆಲವು ವಾರಗಳಲ್ಲಿ ಗಡ್ಡೆ ಕುಗ್ಗಬಹುದು, ತೂಕ ಇಳಿಯಬಹುದು. ತಲೆ, ಕುತ್ತಿಗೆ ಚಿಕಿತ್ಸೆಯಲ್ಲಿ ನುಂಗಲು ಕಷ್ಟವಾಗಿ ಕೆನ್ನೆ ಒಳಕ್ಕೆ ಹೋಗುತ್ತದೆ, ಮಾಸ್ಕ್ ಸಡಿಲವಾಗುತ್ತದೆ. ಅದು ಮೊದಲು ಗೊತ್ತಾಗುವುದು ನಿಮಗೇ, ಹಾಗಾಗಿ ಅದೇ ದಿನ ಯಂತ್ರ ನಡೆಸುವ ಟೆಕ್ನಾಲಜಿಸ್ಟ್‌ಗೆ ಹೇಳಿ. ಬೇಕಿದ್ದರೆ ಹೊಸ ಮಾಸ್ಕ್, ಹೊಸ ಸಿಟಿ, ಹೊಸ ಪ್ಲಾನ್ ಮಾಡುತ್ತಾರೆ. ಮತ್ತೆ ಸ್ಕ್ಯಾನ್‌ಗೆ ಕರೆದರು ಅಂದ ಮಾತ್ರಕ್ಕೆ ಕಾಯಿಲೆ ಜಾಸ್ತಿಯಾಗಿದೆ ಎಂದಲ್ಲ. ಎಷ್ಟೋ ಸಲ ಗಡ್ಡೆ ಕರಗಿರುವುದರಿಂದಲೇ ಪ್ಲಾನ್ ಬದಲಾಯಿಸಬೇಕಾಗುತ್ತದೆ.