ಪೇಜ್‌ಮೇಕರ್ ಬಿಡದೆ ಲಿನಕ್ಸ್‌ಗೆ ಬರುವುದು ಹೇಗೆ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಬನಶಂಕರಿ ಜಾತ್ರೆ ಬಂತೆಂದರೆ ನಾಟಕದ ಹ್ಯಾಂಡ್‌ಬಿಲ್. ಇಪ್ಪತ್ತು ವರ್ಷದ ಫೈಲುಗಳೆಲ್ಲ ಪುಟ ವಿನ್ಯಾಸದ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್ 7ರಲ್ಲಿ, ಕನ್ನಡದ ನುಡಿ ಫಾಂಟ್‌ನಲ್ಲಿವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು. ನನ್ನ ಎರಡೂ ಕಂಪ್ಯೂಟರ್‌ಗಳಿಗೆ 11 ಹಾಕಲು ಬರುವುದಿಲ್ಲ. ಗಟ್ಟಿಮುಟ್ಟಾಗಿರುವ ಯಂತ್ರವನ್ನು ಗುಜರಿಗೆ ಕೊಡಲು ಮನಸ್ಸು ಬರಲಿಲ್ಲ. ಒಂದಕ್ಕೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿ, ಪೇಜ್‌ಮೇಕರನ್ನು ವೈನ್ ಎಂಬ ಸಾಫ್ಟ್‌ವೇರ್ ಮೂಲಕ ಓಡಿಸುತ್ತಿದ್ದೇನೆ.

ವೈನ್ ಎಂದರೆ ಲಿನಕ್ಸ್ ಒಳಗೆ ಕೂರಿಸಿದ ಇನ್ನೊಂದು ವಿಂಡೋಸ್ ಅಲ್ಲ. ಪೇಜ್‌ಮೇಕರ್ 'ಈ ಫೈಲು ತೆರೆ, ಇಲ್ಲಿ ಗೆರೆ ಎಳೆ' ಎಂದು ವಿಂಡೋಸನ್ನು ಕೇಳುತ್ತದೆ ಅಲ್ವಾ? ಆ ಮಾತನ್ನು ವೈನ್ ಕೇಳಿಸಿಕೊಂಡು ಲಿನಕ್ಸ್ ಕೈಯಲ್ಲಿ ಕೆಲಸ ಮಾಡಿಸುತ್ತದೆ. 1993ರಲ್ಲಿ ಶುರುವಾದ ಕೆಲಸ ಇದು. 1.0 ಬರುವಷ್ಟರಲ್ಲಿ 2008 ಆಗಿತ್ತು.

ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ವೈನ್, ಅದನ್ನು ಹೊಂದಿಸಲು ನೆರವಾಗುವ ವೈನ್‌ಟ್ರಿಕ್ಸ್ ಎರಡನ್ನೂ ಹಾಕಿಕೊಳ್ಳಿ. ಆಮೇಲೆ ಸೆಟಪ್ ಫೈಲನ್ನು ಸುಮ್ನೆ ಡಬಲ್ ಕ್ಲಿಕ್ ಮಾಡಬೇಡಿ. ನಾನು ಹಾಗೆ ಮಾಡಿದ್ದೆ. ಎಲ್ಲ ಸಾಫ್ಟ್‌ವೇರೂ ಒಂದೇ ಕಡೆ ಹೋಗಿ ಕೂತವು. ಇನ್ನೊಂದು ಹಳೆಯ ಪ್ರೋಗ್ರಾಂ ತನ್ನ ಡಿಎಲ್ಎಲ್ ಫೈಲುಗಳನ್ನು (ಪ್ರೋಗ್ರಾಂಗಳು ಹಂಚಿಕೊಳ್ಳುವ ಸಹಾಯಕ ಫೈಲುಗಳು) ಮೊದಲಿದ್ದವುಗಳ ಮೇಲೆ ಬರೆದು, ಪೇಜ್‌ಮೇಕರ್ ತೆರೆಯದಂತಾಯಿತು. ಅದೂ ಲಗ್ನದ ಹಂಗಾಮಿನಲ್ಲಿ. ಎರಡು ರಾತ್ರಿ ನಿದ್ದೆ ಇರಲಿಲ್ಲ.

ಅದಕ್ಕೇ ಒಂದೊಂದು ಸಾಫ್ಟ್‌ವೇರಿಗೆ ಒಂದೊಂದು ಡಬ್ಬಿ ಮಾಡಿ. ವೈನ್‌ನಲ್ಲಿ ಇದಕ್ಕೆ ಪ್ರಿಫಿಕ್ಸ್ ಎನ್ನುತ್ತಾರೆ. ವೈನ್‌ಟ್ರಿಕ್ಸ್ ತೆರೆದು ಹೊಸ ಪ್ರಿಫಿಕ್ಸ್ ಆರಿಸಿ, 32 ಬಿಟ್ ಎಂದು ಕೊಟ್ಟು, ಹೆಸರಿಡಿ. ಡಬ್ಬಿಯೊಳಗೆ ಸಿ ಡ್ರೈವ್ ಸಮೇತ ವಿಂಡೋಸ್‌ನ ಫೋಲ್ಡರುಗಳೆಲ್ಲ ಇರುತ್ತವೆ. ವೈನ್‌ಟ್ರಿಕ್ಸ್‌ನಿಂದಲೇ ಕೋರ್‌ಫಾಂಟ್ಸ್ (ವಿಂಡೋಸ್‌ನ ಮೂಲ ಇಂಗ್ಲಿಷ್ ಫಾಂಟ್‌ಗಳು) ಹಾಕಿ. ಸೆಟಪ್ ಯಾವುದೋ ಫೈಲು ಸಿಗಲಿಲ್ಲ ಎಂದು ನಿಂತರೆ ಎಂಎಫ್‌ಸಿ42 ಎಂಬ ಡಿಎಲ್ಎಲ್ ಕೂಡ ಹಾಕಿ ನೋಡಿ. ವೈನ್ ಕಾನ್ಫಿಗರೇಶನ್‌ನಲ್ಲಿ ವಿಂಡೋಸ್ ಎಕ್ಸ್‌ಪಿ ಆರಿಸಿ. ಈಗ ನಿಮ್ಮ ಸಿಡಿಯ ಸೆಟಪ್ ಓಡಿಸಿ, ಸೀರಿಯಲ್ ನಂಬರ್ ಕೊಡಿ. ಕೆಲಸ ಸರಿಯಾದ ದಿನವೇ ಆ ಡಬ್ಬಿಯ ಫೋಲ್ಡರನ್ನು ಪೂರ್ತಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ನಾಳೆ ಏನೇ ಕೆಟ್ಟರೂ ಅದನ್ನೇ ವಾಪಸ್ ತಂದಿಟ್ಟರೆ ಆಯಿತು.

ಜಾಸ್ತಿ ಜನ ಸೋಲುವುದು ಕನ್ನಡದಲ್ಲಿ. ಹಳೆಯ ನುಡಿ ಫಾಂಟ್‌ಗಳು ಯುನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ವ್ಯವಸ್ಥೆ) ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಅಕ್ಷರ, ಒತ್ತು, ದೀರ್ಘಗಳನ್ನು ಕೂರಿಸಿದ್ದಾರೆ. ಫಾಂಟ್ ಸಿಗದಿದ್ದರೆ 'ಶುಭವಿವಾಹ' ಇರಬೇಕಾದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಹೆದರಬೇಡಿ, ಫೈಲು ಕೆಟ್ಟಿಲ್ಲ. ಹಳೆಯ ಕಂಪ್ಯೂಟರ್‌ನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಫಾಂಟ್‌ಗಳನ್ನು ತಂದು, ಡಬ್ಬಿಯ ಸಿ ಡ್ರೈವ್‌ನಲ್ಲಿ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರ್‌ಗೆ ಹಾಕಿ, ಪ್ರೋಗ್ರಾಂ ಮುಚ್ಚಿ ತೆರೆಯಿರಿ. ಲಿನಕ್ಸ್‌ನ ಭಾಷೆಯನ್ನು ಇಂಗ್ಲಿಷ್‌ನಲ್ಲೇ ಬಿಡಿ. ಈ ಫಾಂಟ್‌ಗಳ ಎಷ್ಟೋ ಅಕ್ಷರಗಳು ಪಾಶ್ಚಾತ್ಯ ಕೋಡ್‌ಪೇಜ್ 1252ರ (ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ವಿಂಡೋಸ್‌ನ ಪಟ್ಟಿ) ಜಾಗಗಳನ್ನೇ ನಂಬಿಕೊಂಡಿವೆ.

ಟೈಪಿಂಗ್ ವಿಷಯ ಬೇರೆ. ನುಡಿ ಕೀಬೋರ್ಡ್ ಪ್ರೋಗ್ರಾಂ ಮತ್ತು ಪೇಜ್‌ಮೇಕರ್ ಒಂದೇ ಡಬ್ಬಿಯಲ್ಲಿರಬೇಕು. ಒಂದು ಡಬ್ಬಿಯಲ್ಲಿ ಒತ್ತಿದ ಕೀಲಿಯನ್ನು ಇನ್ನೊಂದು ಡಬ್ಬಿಯ ಪ್ರೋಗ್ರಾಂ ಹಿಡಿಯಲಾರದು. ಲಿನಕ್ಸ್‌ನದೇ ಆದ ಲಿಬ್ರೆಆಫೀಸ್‌ಗೂ ಅದು ಮುಟ್ಟುವುದಿಲ್ಲ. ಅಲ್ಲಿಗೆ ಲಿನಕ್ಸ್‌ನ ಟೈಪಿಂಗ್ ಸಾಧನ ಐಬಸ್‌ನಲ್ಲಿ ಕೆಜಿಪಿ ಎಂಬ ಕನ್ನಡ ಕೀಲಿ ವಿನ್ಯಾಸ ಹಾಕಿಕೊಳ್ಳಿ. ಬೆರಳಿಗೆ ರೂಢಿಯಾದ ಅದೇ ಕೀಲಿಗಳು.

ಪ್ರಿಂಟರಿಗೆ ವೈನ್‌ನಲ್ಲಿ ಬೇರೆ ಡ್ರೈವರ್ ಬೇಡ. ಲಿನಕ್ಸ್‌ನಲ್ಲಿ ಹಾಕಿದ್ದು ಪೇಜ್‌ಮೇಕರ್‌ನಲ್ಲೂ ಕಾಣುತ್ತದೆ.

ಯುಎಸ್‌ಬಿ ಡಾಂಗಲ್ (ಲೈಸೆನ್ಸ್‌ಗಾಗಿ ಸಿಕ್ಕಿಸುವ ಕಡ್ಡಿ) ಇದ್ದರೆ ಮಾತ್ರ ಓಡುವ ಸಾಫ್ಟ್‌ವೇರ್ ಇದ್ದರೆ ವೈನ್ ಮೇಲೆ ಆಸೆ ಇಡಬೇಡಿ. ಅದರ ಡ್ರೈವರ್‌ಗೆ ವಿಂಡೋಸ್‌ನ ಕರ್ನಲ್ಲೇ, ಅಂದರೆ ಅದರ ಒಳತಿರುಳೇ, ಬೇಕು. ನನ್ನಲ್ಲೂ ಅಂಥದ್ದೊಂದಿದೆ. ಅದಕ್ಕಾಗಿ ಒಂದು ಯಂತ್ರದಲ್ಲಿ ವಿಂಡೋಸ್ ಉಳಿಸಿ, ಇಂಟರ್ನೆಟ್ ತೆಗೆದಿಟ್ಟಿದ್ದೇನೆ.

ಹಳೆಯ ಹಾರ್ಡ್‌ಡಿಸ್ಕ್ ಅಳಿಸುವ ಮೊದಲು ಒಂದು ಕೆಲಸ ಮಾಡಿ. ಹಿಂದೆ ಅಚ್ಚಾದ ಹತ್ತು ಫೈಲು ತೆರೆದು, ಪ್ರಿಂಟ್ ತೆಗೆದು, ಹಳೆಯ ಹಾಳೆಯ ಮೇಲಿಟ್ಟು ಬೆಳಕಿಗೆ ಹಿಡಿಯಿರಿ. ನನ್ನವುಗಳಲ್ಲಿ ಒಂಬತ್ತು ತಾಳೆಯಾದವು. ಒಂದರಲ್ಲಿ ಸಾಲು ಜಾರಿತ್ತು. ಅದರಲ್ಲಿದ್ದ ಒಂದು ಇಂಗ್ಲಿಷ್ ಫಾಂಟನ್ನು ತರಲು ಮರೆತಿದ್ದೆ.