ನಮ್ಮ ಹಳ್ಳಿ ಬೆಂಗಳೂರಿಗೆ ಸೇರಿದ್ದು ಯಾವಾಗ? ನಾನು ಹುಡುಕಿದ ದಾರಿ

ಬೆಂಗಳೂರು ಪೂರ್ವ ತಾಲ್ಲೂಕು, ವರ್ತೂರು ಹೋಬಳಿಯ ಹಳ್ಳಿಗಳು ನಗರಕ್ಕೆ ಹೇಗೆ ಸೇರಿದವು ಅಂತ ಬರೆದಿಡುವ ಕೆಲಸವನ್ನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ತಮ್ಮೂರಿನದ್ದೂ ಹೀಗೇ ಬರೆಯಬೇಕು ಅನ್ನುವವರು ಎಲ್ಲಿಂದ ಶುರು ಮಾಡೋದು ಅಂತ ಕೇಳುತ್ತಾರೆ. ನಾನು ಮಾಡಿದ ರೀತಿ ಇದು.

ಸರ್ಕಾರಿ ಲೆಕ್ಕ ಸುಲಭ. 1862ರಲ್ಲಿ ಪೇಟೆಗೊಂದು, ದಂಡಿಗೊಂದು (ಕಂಟೋನ್ಮೆಂಟಿಗೆ) ಮುನಿಸಿಪಾಲಿಟಿ ಬಂತು. 1949ರಲ್ಲಿ ಎರಡನ್ನೂ ಸೇರಿಸಿ ಕಾರ್ಪೊರೇಷನ್ ಮಾಡಿದರು. 2007ರ ಜನವರಿಯಲ್ಲಿ 7 ನಗರಸಭೆಗಳು, ಕೆಂಗೇರಿ ಪುರಸಭೆ, 110 ಹಳ್ಳಿಗಳು ಒಟ್ಟಿಗೆ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಅಂದರೆ ಬಿಬಿಎಂಪಿ ಆಯಿತು. ಸುಮಾರು 225 ಚದರ ಕಿಲೋಮೀಟರ್ ಇದ್ದ ಊರು 700 ದಾಟಿತು. ನಮ್ಮ ಕಡೆ ಬೆಳ್ಳಂದೂರು ಆ 110ರಲ್ಲಿ ಒಂದು.

ನಾನೂ ಈ 2007ನ್ನೇ ಹಿಡಿದುಕೊಂಡು ಹಿರಿಯರನ್ನು ಕೇಳಲು ಹೊರಟೆ. "ತಾತ, ನಮ್ಮೂರು ಬೆಂಗಳೂರಿಗೆ ಸೇರಿದಾಗ ಹೇಗಿತ್ತು?" ಅಂದರೆ ಒಬ್ಬರು ತಿರುಗಿ ನನ್ನನ್ನೇ ಕೇಳಿದರು: "ಯಾವ ಸೇರೋದು ಕಣಪ್ಪ? ಹೊಲ ಹೋಗಿದ್ದಾ, ಪಂಚಾಯ್ತಿ ಹೋಗಿದ್ದಾ?"

ಅಲ್ಲಿಂದ ಮುಂದೆ ಪ್ರತಿ ಹಳ್ಳಿಗೂ ನಾಲ್ಕು ತಾರೀಖು ಹುಡುಕುವುದು ನನ್ನ ಕ್ರಮವಾಯಿತು. ಜಮೀನು ಕೈಬಿಟ್ಟದ್ದು ಯಾವಾಗ, ಪಂಚಾಯ್ತಿ ಹೋದದ್ದು ಯಾವಾಗ, ಖಾತೆ (ಆಸ್ತಿ ತೆರಿಗೆಯ ದಾಖಲೆ) ಬದಲಾದದ್ದು ಯಾವಾಗ, ಕಾವೇರಿ ನೀರು ಬಂದದ್ದು ಯಾವಾಗ. ಇವು ಒಟ್ಟಿಗೆ ಬಂದ ಒಂದು ಹಳ್ಳಿಯೂ ನನಗೆ ಸಿಕ್ಕಿಲ್ಲ.

ಜಮೀನಿನ ಕಥೆ ಪಹಣಿಯಲ್ಲಿದೆ, ಅಂದರೆ ಹೊಲದ ಹಕ್ಕು, ಬೆಳೆ ಬರೆದಿಡುವ ಸರ್ಕಾರಿ ದಾಖಲೆಯಲ್ಲಿ. ಸರ್ಕಾರದ 'ಭೂಮಿ' ಯೋಜನೆಯ ಕಂಪ್ಯೂಟರ್ ಪಹಣಿ ಸಾಲದು, ಅದಕ್ಕೂ ಹಿಂದಿನ ಕೈಬರಹದ ಪಹಣಿ ಬೇಕು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅರ್ಜಿ ಹಾಕಿದರೆ ನಕಲು ಕೊಡುತ್ತಾರೆ. ಎಲ್ಲರೂ 9ನೇ ಕಾಲಂ ನೋಡುತ್ತಾರೆ, ಅಲ್ಲಿ ಮಾಲೀಕರ ಹೆಸರಿರುತ್ತದೆ. ನನಗೆ ಜಾಸ್ತಿ ಹೇಳಿದ್ದು 11 ಮತ್ತು 12. ಹನ್ನೆರಡರಲ್ಲಿ ಬೆಳೆ ಬರೆಯುತ್ತಾರೆ. ನಾನು ನೋಡಿದ ಒಂದು ಸರ್ವೆ ನಂಬರಿನಲ್ಲಿ ಮೊದಲು ರಾಗಿ, ಹುರುಳಿ. ಆಮೇಲೆ ನೀಲಗಿರಿ. ಆಮೇಲೆ ವರ್ಷಗಟ್ಟಲೆ 'ಬೀಳು'. ಅದೇ ಹಾಳೆಯ 11ನೇ ಕಾಲಮ್ಮಿನಲ್ಲಿ ಬೇರೆ ಶಾಯಿಯಲ್ಲಿ ಭೂಸ್ವಾಧೀನದ ನಮೂದು. ಪಂಚಾಯ್ತಿ ಇನ್ನೂ ಇದ್ದ ಕಾಲ ಅದು. ಅಂದರೆ ನಗರದ ಗಡಿ ಬರುವುದಕ್ಕೆ ಎಷ್ಟೋ ಮುಂಚೆಯೇ ಆ ಹೊಲ ನಗರದ್ದಾಗಿತ್ತು.

ಆ ನಮೂದನ್ನು ಓದಲು ಕಲಿಯಲೇಬೇಕು. 17 ಮತ್ತು 19ನೇ ಸೆಕ್ಷನ್ ಅಂತಿದ್ದರೆ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ತೆಗೆದುಕೊಂಡದ್ದು. 28(1), 28(4) ಇದ್ದರೆ ಕೈಗಾರಿಕೆಗೆ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ತೆಗೆದುಕೊಂಡದ್ದು. 95ನೇ ಸೆಕ್ಷನ್ ಅಂದರೆ ಡಿಸಿ ಕನ್ವರ್ಷನ್, ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸಲು ಮಾಲೀಕರೇ ಕೇಳಿ ಮಾಡಿಸಿಕೊಂಡದ್ದು. ಬಲವಂತಕ್ಕೂ ಒಪ್ಪಿಗೆಗೂ ಇರುವ ವ್ಯತ್ಯಾಸ ಈ ನಂಬರುಗಳಲ್ಲೇ ಇದೆ. ಊರಿನ ಚರಿತ್ರೆ ಬರೆಯುವವರು ಇದನ್ನು ಬಿಟ್ಟರೆ 'ನಗರ ಬೆಳೆಯಿತು' ಅನ್ನುವ ಒಂದೇ ವಾಕ್ಯ ಉಳಿಯುತ್ತದೆ. ನಗರ ತಾನಾಗಿ ಬೆಳೆಯಲಿಲ್ಲ, ಯಾರೋ ರುಜು ಹಾಕಿದ್ದಾರೆ.

ಆಮೇಲೆ ನಕ್ಷೆ. ಕಂದಾಯ ಇಲಾಖೆಯ ವೆಬ್‌ಸೈಟಿನಲ್ಲಿ ಹಳ್ಳಿಯ ನಕ್ಷೆ ಸಿಗುತ್ತದೆ. ಅದನ್ನು ಇಳಿಸಿಕೊಂಡು ಈಗಿನ ಉಪಗ್ರಹ ಚಿತ್ರದ ಮೇಲೆ ಕೂರಿಸಬೇಕು. ಮೂರು ಹಳ್ಳಿಗಳ ಗಡಿ ಸೇರುವ ಜಾಗ, ಕೆರೆ ಕಟ್ಟೆಯ ಎರಡು ತುದಿ, ಹಳೇ ದೇವಸ್ಥಾನ, ಇವನ್ನು ಹಿಡಿದರೆ ಸರಿಯಾಗಿ ಕೂರುತ್ತದೆ. ಅನುಮಾನ ಬಂದಾಗ ದಿಶಾಂಕ್ ಆ್ಯಪ್ ಹಿಡಿದು ಆ ಜಾಗದಲ್ಲೇ ನಿಂತು ಸರ್ವೆ ನಂಬರ್ ತಾಳೆ ನೋಡುತ್ತೇನೆ. ನಕ್ಷೆ ಕೂತ ಮೇಲೆ ಕಾಣುವುದೇ ಬೇರೆ. ಅಪಾರ್ಟ್‌ಮೆಂಟಿನ ಮುಂದೆ ರಸ್ತೆ ಯಾಕೆ ಹಾಗೆ ಸೊಟ್ಟಗೆ ತಿರುಗುತ್ತದೆ? ಅದು ಬಂಡಿದಾರಿ. ಮಳೆ ಬಂದಾಗ ಆ ಒಂದು ಬೇಸ್‌ಮೆಂಟಿಗೇ ಯಾಕೆ ನೀರು ನುಗ್ಗುತ್ತದೆ? ಪಕ್ಕದಲ್ಲಿ 'ಬ' ಖರಾಬು (ಸಾಗುವಳಿಗೆ ಬಿಡದ ಸಾರ್ವಜನಿಕ ಜಾಗ) ಅಂತ ಗುರುತಾದ ಹಳ್ಳ ಇದೆ. ಗುಂಡುತೋಪು, ಗೋಮಾಳ, ಸ್ಮಶಾನ ಎಲ್ಲಕ್ಕೂ ಅಲ್ಲಿ ಗೆರೆ ಇದೆ.

ಪಂಚಾಯ್ತಿಯ ವಿಷಯ ನನ್ನನ್ನು ತುಂಬಾ ಕಾಡಿದೆ. ಬೆಳ್ಳಂದೂರು ಪಂಚಾಯ್ತಿ ಕಂಪ್ಯೂಟರಿನಲ್ಲಿ ತೆರಿಗೆ ಲೆಕ್ಕ ಇಟ್ಟು ಹೆಸರು ಮಾಡಿತ್ತು. 2007ರಲ್ಲಿ ಅದು ಹೋಯಿತು. ಬಿಬಿಎಂಪಿಯ ಮೊದಲ ಚುನಾವಣೆ ನಡೆದದ್ದು 2010ರ ಮಾರ್ಚಿನಲ್ಲಿ. ನಡುವಿನ ಮೂರು ವರ್ಷ ಈ ಹಳ್ಳಿಗಳಿಗೆ ಪಂಚಾಯ್ತಿ ಮೆಂಬರೂ ಇಲ್ಲ, ಕಾರ್ಪೊರೇಟರೂ ಇಲ್ಲ. ಬೀದಿದೀಪ ಹೋದರೆ ಯಾರ ಮನೆ ಬಾಗಿಲು ತಟ್ಟಬೇಕು ಅಂತ ಗೊತ್ತಿರಲಿಲ್ಲ. ಈ ಮೂರು ವರ್ಷದ ನೆನಪುಗಳನ್ನು ದಯವಿಟ್ಟು ಬಿಡದೆ ಕೇಳಿ ಬರೆದುಕೊಳ್ಳಿ. ಆಗಿನ ಮೆಂಬರುಗಳು, ಬಿಲ್ ಕಲೆಕ್ಟರುಗಳು, ವಾಟರ್‌ಮ್ಯಾನ್‌ಗಳು ಇನ್ನೂ ಇದ್ದಾರೆ.

ಖಾತೆಗೆ ಮನೆ ಮನೆಯ ಕಾಗದ ಬೇಕು. ಪಂಚಾಯ್ತಿ ಕೊಡುತ್ತಿದ್ದ ಆಸ್ತಿ ಕಾಗದಗಳಾದ ನಮೂನೆ 9, 11 ಇಟ್ಟುಕೊಂಡವರು, ತೆರಿಗೆ ಕಟ್ಟಿಯೂ ಬಿ ಖಾತೆಯಲ್ಲೇ (ಪೂರ್ತಿ ಸಕ್ರಮವಾಗದ ಆಸ್ತಿಯ ಪಟ್ಟಿ) ಉಳಿದವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ನೀರಿನದು ಎಲ್ಲಕ್ಕಿಂತ ತಡ. 110 ಹಳ್ಳಿಗಳಿಗೆ ಅಂತಲೇ ಮಾಡಿದ ಕಾವೇರಿ 5ನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರಿನ ಯೋಜನೆ, ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಸೇರಿ ಹದಿನೇಳು ವರ್ಷ ಆಗಿತ್ತು. ಅಲ್ಲಿವರೆಗೆ ಬೋರ್‌ವೆಲ್, ಟ್ಯಾಂಕರ್.

ಹಳೇ ಬಡಾವಣೆಯವರೂ ಇದನ್ನು ಮಾಡಬಹುದು. 1898ರ ಪ್ಲೇಗಿನ ಹೊತ್ತಿಗೆ ಎದ್ದ ಬಸವನಗುಡಿಯ ಕೆಳಗೆ ಸುಂಕೇನಹಳ್ಳಿ ಇದೆ. ಆ ಸುತ್ತಿನ ರೈತರ ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೇ ಸೋಮವಾರ ಈಗಲೂ ನಡೆಯುತ್ತದೆ, ಕಡಲೆಕಾಯಿ ಮಾತ್ರ ಹೊರಗಿಂದ ಬರುತ್ತದೆ.

ಕೊನೆಗೆ, ದಾಖಲೆ ಜೋಡಿಸುವಾಗ ವಾರ್ಡ್ ನಂಬರ್ ನಂಬಬೇಡಿ. 2010ರಲ್ಲಿ 198 ವಾರ್ಡ್ ಇದ್ದವು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದವು. ಹೋಬಳಿ, ಹಳ್ಳಿ, ಸರ್ವೆ ನಂಬರ್ ಹೀಗೆ ಬರೆದಿಟ್ಟರೆ ಯಾವ ಕಾಲದ ಕಾಗದವನ್ನೂ ಅದರ ಪಕ್ಕ ಜೋಡಿಸಬಹುದು.