ಜಾನಕಿನಾ ಸುಶೀಲಾನಾ? ಪಟ್ಟಿ ಮಾಡೋಕೆ ಕೂತ ನನ್ನ ಅನುಭವ

ಇಪ್ಪತ್ತು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸ್ತಾ ಇದೀನಿ, ದಾವಣಗೆರೆ, ಹರಿಹರ, ಚಿತ್ರದುರ್ಗ ಕಡೆ ಗಣಪತಿ ಹಬ್ಬ, ರಾಜ್ಯೋತ್ಸವ, ರಿಸೆಪ್ಷನ್ ಇಂಥವು. ಪ್ರೋಗ್ರಾಂ ಮುಗಿಸಿ ರಾತ್ರಿ ಎರಡು ಗಂಟೆಗೆ ಟೆಂಪೋದಲ್ಲಿ ವಾಪಸ್ ಬರೋವಾಗ ನಮ್ಮಲ್ಲಿ ಒಂದೇ ಜಗಳ, ಎಸ್. ಜಾನಕಿ ದೊಡ್ಡವರಾ ಪಿ. ಸುಶೀಲಾ ದೊಡ್ಡವರಾ ಅಂತ. ನಾನು ಜಾನಕಮ್ಮನ ಕಡೆ, ತಬಲಾ ನುಡಿಸೋ ಅಣ್ಣ ಸುಶೀಲಮ್ಮನ ಕಡೆ. ಹೋದ ವರ್ಷ ಅವರು "ಬಾಯಲ್ಲಿ ಹೇಳಿದ್ದು ಸಾಕು, ಕನ್ನಡ ಸಿನಿಮಾದಲ್ಲಿ ಹಾಡಿರೋ ಹೆಣ್ಮಕ್ಕಳದ್ದು ಒಂದರಿಂದ ಐದು ಪಟ್ಟಿ ಮಾಡು, ಯಾಕೆ ಅಂತಾನೂ ಬರಿ" ಅಂದ್ರು. ಮಾಡೇ ಬಿಡೋಣ ಅಂತ ಕೂತೆ.

ಮೊದಲು ಅಂಕಿ ಹಿಡ್ಕೊಂಡೆ. ಸುಶೀಲಮ್ಮನಿಗೆ 2016ರಲ್ಲಿ ಗಿನ್ನೆಸ್ ದಾಖಲೆ ಬಂತು, ಆರು ಭಾಷೆಲಿ 17,695 ಹಾಡು. ರಾಷ್ಟ್ರಪ್ರಶಸ್ತಿ ಅವರಿಗೆ ಐದು, ಜಾನಕಮ್ಮನಿಗೆ ನಾಲ್ಕು, ವಾಣಿ ಜಯರಾಂಗೆ ಮೂರು, ಚಿತ್ರಾಗೆ ಆರು. ಇದನ್ನೇ ನಂಬಿದ್ರೆ ಚಿತ್ರಾ ಮೊದಲು, ಪಟ್ಟಿ ಮುಗೀತು. ಆದ್ರೆ ಒಂದೊಂದು ಪ್ರಶಸ್ತಿ ಯಾವ ಹಾಡಿಗೆ ಬಂದಿದ್ದು ಅಂತ ನೋಡ್ತಾ ಹೋದ್ರೆ ಈ ನಾಲ್ವರ ಹದಿನೆಂಟು ಪ್ರಶಸ್ತಿಲಿ ಕನ್ನಡ ಹಾಡಿಗೆ ಅಂತ ಬಂದಿದ್ದು ಒಂದೂ ಇಲ್ಲ ಕಣ್ರಿ. ಎಲ್ಲಾ ತಮಿಳು, ತೆಲುಗು, ಮಲಯಾಳಂ, ಒಂದು ಹಿಂದಿ. 'ಗೆಜ್ಜೆಪೂಜೆ'ಯ "ಗಗನವು ಎಲ್ಲೋ ಭೂಮಿಯು ಎಲ್ಲೋ" ಕೇಳಿ ಬೆಳೆದ ನನಗೆ ಅದು ನೋಡಿ ಹೊಟ್ಟೆ ಉರೀತು. ಆ ಹಾಳೆ ಅಲ್ಲೇ ಹರಿದೆ.

ಆಮೇಲೆ ಹೊಳೀತು, ನಮ್ಮ ಹತ್ರಾನೇ ಹಾಡೋರಿದ್ದಾರಲ್ಲ. ನಮ್ಮ ಟ್ರೂಪಿನ ಅಕ್ಕ ಹದಿನೈದು ವರ್ಷದಿಂದ ಈ ಎಲ್ಲರ ಹಾಡನ್ನೂ ಸ್ಟೇಜಲ್ಲಿ ಹಾಡ್ತಾರೆ. ನಾಲ್ಕು ಹಾಡು ಆರಿಸ್ಕೊಂಡ್ವಿ, ನಾನು ನುಡಿಸೋದು, ಅಕ್ಕ ಹಾಡೋದು, ಮೊಬೈಲಲ್ಲಿ ರೆಕಾರ್ಡ್ ಮಾಡಿ ಹೆಡ್‌ಫೋನ್ ಹಾಕ್ಕೊಂಡು ಒರಿಜಿನಲ್ ಒಂದು ಸಾಲು ನಮ್ಮದೊಂದು ಸಾಲು ಕೇಳೋದು, ಎಲ್ಲಿ ನಾವು ಹಿಂದೆ ಬೀಳ್ತೀವಿ ಅಂತ ಬರ್ಕೊಳ್ಳೋದು. ಮೂರು ಭಾನುವಾರ ಹಿಡೀತು.

'ಸನಾದಿ ಅಪ್ಪಣ್ಣ'ದ "ಕರೆದರೂ ಕೇಳದೆ" ಕಷ್ಟ ಅಂತ ಮೊದಲೇ ಗೊತ್ತಿತ್ತು, ಬಿಸ್ಮಿಲ್ಲಾ ಖಾನರ ಶಹನಾಯಿ ಜೊತೆ ಜೊತೆಗೇ ಜಾನಕಮ್ಮ ಹೋಗ್ತಾರೆ, ನನ್ನ ಕೀಬೋರ್ಡಿನ ಶಹನಾಯಿ ಟೋನ್ ಅದರ ಹತ್ರಾನೂ ಸುಳಿಯಲ್ಲ. ಆದ್ರೂ ಸ್ಕೇಲ್ ಇಳಿಸಿ, ಉಸಿರು ಎಲ್ಲಿ ತಗೋಬೇಕು ಅಂತ ಗುರುತು ಹಾಕ್ಕೊಂಡು ಆರನೇ ಸಲಕ್ಕೆ ಒಂದು ಮಟ್ಟಕ್ಕೆ ಬಂತು.

ಸಿಕ್ಕಾಕ್ಕೊಂಡಿದ್ದು ಎಲ್ಲಿ ಅಂದ್ರೆ 1968ರ 'ಹಣ್ಣೆಲೆ ಚಿಗುರಿದಾಗ' ಸಿನಿಮಾದ "ಹೂವು ಚೆಲುವೆಲ್ಲಾ ನಂದೆಂದಿತು" ಹಾಡಲ್ಲಿ. ಮನೇಲಿ ಎಲ್ಲರೂ ಗುನುಗೋ ಹಾಡು, ಸುಲಭ ಅಂತ ಕೊನೆಗೆ ಇಟ್ಕೊಂಡಿದ್ವಿ. ಅಕ್ಕ ಹಾಡಿದ್ದು ಸ್ವರ ಸರಿ, ತಾಳ ಸರಿ, ಶ್ರುತಿ ಸರಿ, ಆದ್ರೆ ಹಾಡು ಬರ್ಲಿಲ್ಲ. ಸುಶೀಲಮ್ಮ ಒಂದಕ್ಷರಕ್ಕೂ ಒತ್ತು ಕೊಟ್ಟು ತಳ್ಳಲ್ಲ, ಆದ್ರೂ ಒಂದಕ್ಷರಾನೂ ನುಂಗಲ್ಲ, "ಚೆಲುವೆಲ್ಲಾ" ಅನ್ನೋ ಕಡೆ ಆ ಒತ್ತಕ್ಷರ ಹೂವಿನ ಎಸಳು ಮಡಚಿದ ಹಾಗೆ ಇರುತ್ತೆ. ನಾವು ಒತ್ತಿದ್ರೆ ಗಟ್ಟಿಯಾಗುತ್ತೆ, ಬಿಟ್ರೆ ಮಾಯ ಆಗುತ್ತೆ. ಹನ್ನೊಂದು ಟೇಕ್ ಆಯ್ತು. ಅಕ್ಕ ಕಣ್ಣೊರೆಸ್ಕೊಂಡು "ಇಷ್ಟು ವರ್ಷ ಇದನ್ನ ಹಾಡಿದೀನಿ ಅಂದ್ಕೊಂಡಿದ್ದೆ ತಮ್ಮ" ಅಂದ್ರು. ಅವತ್ತು ನನ್ನ ಪಟ್ಟಿಲಿ ನಾಲ್ಕನೇ ಜಾಗದಲ್ಲಿದ್ದ ಸುಶೀಲಮ್ಮ ಎರಡಕ್ಕೆ ಬಂದ್ರು.

ವಾಣಿ ಜಯರಾಂ ಅವರದ್ದು 'ಶುಭಮಂಗಳ'ದ "ಈ ಶತಮಾನದ ಮಾದರಿ ಹೆಣ್ಣು" ತಗೊಂಡ್ವಿ. ಅವರು ನೇರ ಸ್ವರಕ್ಕೆ ಹೋಗಿ ನಿಲ್ತಾರೆ, ಅಕ್ಕಪಕ್ಕ ತಡಕಾಡಲ್ಲ. ಮೂರನೇ ಜಾಗ. ಎಲ್.ಆರ್. ಈಶ್ವರಿನ ಯಾಕೆ ಯಾರೂ ಇಂಥ ಪಟ್ಟಿಗೆ ಸೇರಿಸಲ್ಲ ಅಂತ ನನಗೆ ನಿಜವಾಗ್ಲೂ ಬೇಜಾರಿದೆ. ಸಲಿಲ್ ಚೌಧರಿ ಸಂಗೀತದ "ದೂರದಿಂದ ಬಂದಂಥ ಸುಂದರಾಂಗ ಜಾಣ" ಬಂದಿದ್ದು 1971ರಲ್ಲಿ, ಇವತ್ತಿಗೂ ನಾನು ಆ ಮೊದಲ ಬಿಟ್ ನುಡಿಸಿದ್ರೆ ಸಾಕು ಹಿಂದಿನ ಸಾಲಲ್ಲಿ ಕೂತೋರು ಎದ್ದು ನಿಲ್ತಾರೆ. ನಾಲ್ಕು ಅವರಿಗೇ. ಐದಕ್ಕೆ "ಸಂಪಿಗೆ ಮರದ ಹಸಿರೆಲೆ ನಡುವೆ" ಹಾಡಿದ ಬಿ.ಕೆ. ಸುಮಿತ್ರಾ ಹೆಸರು ಬರೆದೆ, ಅದನ್ನ ಮಾತ್ರ ಟೆಸ್ಟ್ ಮಾಡದೆ ನೆನಪಿನ ಮೇಲೆ ಬರೆದಿದ್ದು.

ಶ್ರೇಯಾ ಘೋಷಾಲ್ ಎಲ್ಲಿ ಅಂತ ನನ್ನ ಮಗಳು ಕೇಳಿದ್ಲು. "ಅರಳುತಿರು ಜೀವದ ಗೆಳೆಯ" ನನಗೂ ಇಷ್ಟಾನೇ, ಆದ್ರೆ ಈಗ ಸಾಲು ಸಾಲಾಗಿ ರೆಕಾರ್ಡ್ ಮಾಡಿ ಜೋಡಿಸಬಹುದು, ಆಗ ಇಡೀ ಆರ್ಕೆಸ್ಟ್ರಾ ಎದುರಿಗೆ ಕೂತಿರೋದು, ಒಬ್ಬರ ವಯಲಿನ್ ತಪ್ಪಿದ್ರೂ ಎಲ್ಲರೂ ಮೊದಲಿಂದ. ಎರಡನ್ನೂ ಒಂದೇ ತಕ್ಕಡಿಲಿ ಹಾಕೋಕೆ ಮನಸ್ಸು ಬರ್ಲಿಲ್ಲ.

ಜಾನಕಮ್ಮ ಯಾಕೆ ಮೊದಲು ಅಂದ್ರೆ "ಬಾನಲ್ಲೂ ನೀನೇ ಭುವಿಯಲ್ಲೂ ನೀನೇ" ಹಾಡಿದ ಗಂಟಲೇ "ಕರೆದರೂ ಕೇಳದೆ"ನೂ ಹಾಡಿದ್ದು, ಮಗು ದನಿಲೂ ಹಾಡಿದ್ದು. 2017ರ ಅಕ್ಟೋಬರ್‌ನಲ್ಲಿ ಮೈಸೂರಿನ ಮಾನಸಗಂಗೋತ್ರಿಲಿ ಅವರ ವಿದಾಯದ ಕಾರ್ಯಕ್ರಮಕ್ಕೆ ನಾನು ಬಸ್ ಹಿಡಿದು ಹೋಗಿದ್ದೆ. ಎಪ್ಪತ್ತೊಂಬತ್ತು ವರ್ಷದ ಆ ದನಿನ ಎದುರಿಗೆ ಕೂತು ಕೇಳಿದೀನಿ, ಅದನ್ನ ಪಟ್ಟಿಯಿಂದ ಕಳೆಯೋಕೆ ನನ್ನಿಂದ ಆಗಲ್ಲ.

ತಬಲಾ ಅಣ್ಣ ಹಾಳೆ ಓದಿದ್ರು, ಒಂದಕ್ಕೂ ಎರಡಕ್ಕೂ ಎಷ್ಟು ಅಂತರ ಅಂತ ಕೇಳಿದ್ರು. ನಾನು ಮೊಬೈಲ್ ತೆಗೆದು ಆ ಹನ್ನೊಂದನೇ ಟೇಕ್ ಹಾಕ್ದೆ, ಆಮೇಲೆ ಒರಿಜಿನಲ್ ಹಾಕ್ದೆ, ಇಬ್ಬರೂ ಮಾತಾಡ್ಲಿಲ್ಲ. ಈಗ ಜಗಳ ತೆಗೆದಿರೋದು ಅಕ್ಕ, ಸುಮಿತ್ರಾನ ಹಾಡದೇನೇ ಐದಕ್ಕೆ ಹೇಗೆ ಹಾಕ್ದೆ ಅಂತ. ಬರೋ ಭಾನುವಾರ "ಸಂಪಿಗೆ ಮರದ" ಇಟ್ಕೊಂಡಿದೀವಿ.